ಜೈಲಿನಿಂದ ಬಂದವರಿಗೆ ಓಟು ಉಂಟೇ?

ಗಿರಿನಗರದಂಥ ಬಡಾವಣೆಗಳಲ್ಲಿ ಮಗನಿಗೋ ಮಗಳಿಗೋ ಹದಿನೆಂಟು ತುಂಬಿತೆಂದರೆ ಮನೆಯಲ್ಲಿ ಎರಡು ಅರ್ಜಿಗಳ ಮಾತು ಬರುತ್ತದೆ. ಒಂದು ವಾಹನ ಚಾಲನಾ ಪರವಾನಗಿಯದು, ಇನ್ನೊಂದು ಮತದಾರರ ಪಟ್ಟಿಯದು. ಮೊದಲನೆಯದಕ್ಕೆ ಇರುವ ಆತುರ ಎರಡನೆಯದಕ್ಕೆ ಇರುವುದಿಲ್ಲವೆಂಬುದು ತಂದೆ ತಾಯಂದಿರಿಗೆಲ್ಲ ಗೊತ್ತು. ಆ ಎರಡನೆಯ ಅರ್ಜಿಯನ್ನು, ಅಂದರೆ ಚುನಾವಣಾ ಆಯೋಗದ ನಮೂನೆ 6ನ್ನು, ಒಮ್ಮೆ ನಿಧಾನವಾಗಿ ಓದಿ ನೋಡಿ. ಹೆಸರು, ವಯಸ್ಸು, ವಿಳಾಸ, ಪೌರತ್ವ ಎಲ್ಲವನ್ನೂ ಅದು ಕೇಳುತ್ತದೆ. 'ನೀವು ಎಂದಾದರೂ ಜೈಲಿಗೆ ಹೋಗಿದ್ದಿರಾ?' ಎಂದು ಮಾತ್ರ ಕೇಳುವುದಿಲ್ಲ.

ಇದು ಮರೆವಿನಿಂದ ಆದದ್ದಲ್ಲ. ಒಮ್ಮೆ ಜೈಲಿಗೆ ಹೋದವನ ಮತದ ಹಕ್ಕು ಜೀವಮಾನವಿಡೀ ಹೋಯಿತು ಎಂದು ನಮ್ಮಲ್ಲಿ ವಿದ್ಯಾವಂತರೂ ನಂಬಿದ್ದಾರೆ. ಅಮೆರಿಕದ ಸುದ್ದಿ ಓದಿ, ಅಲ್ಲಿಯ ಕಾನೂನೇ ಇಲ್ಲಿಯದೂ ಎಂದುಕೊಂಡವರೂ ಇದ್ದಾರೆ. ನಮ್ಮ ಕಾನೂನು ಬೇರೆ. ಅದು ಒಂದು ಕಡೆ ಅಮೆರಿಕಕ್ಕಿಂತ ಉದಾರವಾಗಿದೆ, ಇನ್ನೊಂದು ಕಡೆ ಅದಕ್ಕಿಂತ ಕಠೋರವಾಗಿದೆ. ಎರಡೂ ಹೇಗೆ ಎಂಬುದನ್ನು ಈ ವಾರ ನೋಡೋಣ.

ನಾಲ್ಕೇ ಕಾರಣಗಳು

ನಮ್ಮ ಸಂವಿಧಾನದ 326ನೇ ವಿಧಿ ವಯಸ್ಕ ಮತದಾನವನ್ನು ಕೊಟ್ಟ ವಿಧಿ. ಮೊದಲು ಅದರಲ್ಲಿ 21 ವರ್ಷ ಎಂದಿತ್ತು. 1988ರ 61ನೇ ತಿದ್ದುಪಡಿಯ ಮೂಲಕ 1989ರಿಂದ 18 ವರ್ಷವಾಯಿತು. ಅದೇ ವಿಧಿ, ಯಾವ ಕಾರಣಕ್ಕೆ ಕಾನೂನು ಮಾಡಿ ಒಬ್ಬ ಪ್ರಜೆಯನ್ನು ಮತದಾರರ ಪಟ್ಟಿಯಿಂದ ಹೊರಗಿಡಬಹುದು ಎಂಬುದನ್ನೂ ಹೇಳುತ್ತದೆ. ಆ ಕ್ಷೇತ್ರದಲ್ಲಿ ವಾಸವಿಲ್ಲದಿರುವುದು, ಬುದ್ಧಿ ಸ್ವಾಧೀನದಲ್ಲಿಲ್ಲದಿರುವುದು, ಅಪರಾಧ, ಮತ್ತು ಚುನಾವಣೆಯ ಭ್ರಷ್ಟ ಅಥವಾ ಅಕ್ರಮ ಆಚರಣೆ. ಇಷ್ಟೇ. ಓದು ಬಾರದಿರುವುದು, ಬಡತನ, ಆಸ್ತಿ ಇಲ್ಲದಿರುವುದು ಇವು ಯಾವುವೂ ಈ ಪಟ್ಟಿಯಲ್ಲಿಲ್ಲ. ಇವುಗಳನ್ನು ಹೊಸದಾಗಿ ಸೇರಿಸಬೇಕೆಂದರೆ ಸಂಸತ್ತಿನ ಮಾಮೂಲಿ ಕಾನೂನು ಸಾಲದು, ಸಂವಿಧಾನವನ್ನೇ ತಿದ್ದಬೇಕು. ಕೇಂದ್ರದ ಅಧಿಕಾರಕ್ಕೆ ಸಂವಿಧಾನ ಹಾಕಿರುವ ಮೊದಲನೆಯ ಬೇಲಿ ಇದು.

ಎರಡನೆಯ ಬೇಲಿ ರಾಜ್ಯಗಳಿಗೆ. ಲೋಕಸಭೆ, ವಿಧಾನಸಭೆ ಎರಡರ ಚುನಾವಣೆಗೂ ಕಾನೂನು ಮಾಡುವ ಅಧಿಕಾರವನ್ನು 327ನೇ ವಿಧಿ ಸಂಸತ್ತಿಗೆ ಕೊಟ್ಟಿದೆ. ಸಂಸತ್ತು ಎಲ್ಲಿ ಕಾನೂನು ಮಾಡಿಲ್ಲವೋ ಅಲ್ಲಿ ಮಾತ್ರ ರಾಜ್ಯದ ಶಾಸನಸಭೆ ಕೈ ಹಾಕಬಹುದು ಎನ್ನುತ್ತದೆ 328ನೇ ವಿಧಿ. ಸಂಸತ್ತು 1950 ಮತ್ತು 1951ರ ಜನತಾ ಪ್ರಾತಿನಿಧ್ಯ ಕಾಯ್ದೆಗಳಲ್ಲಿ ಯಾರು ಮತದಾರ, ಯಾರು ಅಲ್ಲ ಎಂದು ಹೇಳಿಬಿಟ್ಟಿದೆ. ಆದ್ದರಿಂದ ವಿಧಾನಸಭೆ ಚುನಾವಣೆಯಲ್ಲಿ ಕೈದಿಗಳ ಮತದ ಬಗ್ಗೆ ಕರ್ನಾಟಕ ಒಂದು ರೀತಿ, ತಮಿಳುನಾಡು ಇನ್ನೊಂದು ರೀತಿ ಎನ್ನುವಂತಿಲ್ಲ.

ಇಲ್ಲೊಂದು ಸೋಜಿಗವಿದೆ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಕಾರಾಗೃಹಗಳು ರಾಜ್ಯಪಟ್ಟಿಗೆ ಸೇರಿವೆ. ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹವನ್ನು ನಡೆಸುವುದು ಕರ್ನಾಟಕ ಸರ್ಕಾರ. ಬೀಗ, ಕಾವಲು, ಊಟ, ಔಷಧಿ ಎಲ್ಲ ಅದರದೇ. ಆದರೆ ಅಲ್ಲೊಂದು ಮತಗಟ್ಟೆ ತೆರೆಯೋಣವೆಂದು ರಾಜ್ಯ ಸರ್ಕಾರ ಮನಸ್ಸು ಮಾಡಿದರೂ ಅದರ ಕೈಯಲ್ಲಿ ಆಗದು. ಜೈಲು ರಾಜ್ಯದ್ದು, ಓಟು ಕೇಂದ್ರದ್ದು!

ಗೋಡೆಯ ಒಳಗೆ, ಹೊರಗೆ

ಈಗ ಮುಖ್ಯ ಕಲಮಿಗೆ ಬರೋಣ. 1951ರ ಕಾಯ್ದೆಯ 62ನೇ ಕಲಮಿನ 5ನೇ ಉಪಕಲಮು ಹೇಳುವುದರ ಸಾರ ಇಷ್ಟು: ಶಿಕ್ಷೆಯ ಮೇಲಾಗಲಿ ಬೇರೆ ಯಾವುದೇ ರೀತಿಯಿಂದಾಗಲಿ ಜೈಲಿನಲ್ಲಿರುವವನು, ಮತ್ತು ಪೊಲೀಸರ ಕಾನೂನುಬದ್ಧ ವಶದಲ್ಲಿರುವವನು, ಯಾವ ಚುನಾವಣೆಯಲ್ಲೂ ಮತ ಹಾಕುವಂತಿಲ್ಲ. ಮುಂಜಾಗ್ರತೆಯ ಬಂಧನದಲ್ಲಿ ಇರುವವರಿಗೆ ಮಾತ್ರ ವಿನಾಯಿತಿ. ಅವರು ಅಂಚೆ ಮೂಲಕ ಮತ ಹಾಕಬಹುದು.

'ಬೇರೆ ಯಾವುದೇ ರೀತಿಯಿಂದಾಗಲಿ' ಎಂಬ ಮಾತನ್ನು ವಿದ್ಯಾರ್ಥಿ ಮಿತ್ರರು ಗಮನಿಸಬೇಕು. ಕಾನೂನು ನೋಡುವುದು ಅಪರಾಧವನ್ನಲ್ಲ, ಮತದಾನದ ದಿನ ಆ ಮನುಷ್ಯ ಗೋಡೆಯ ಯಾವ ಕಡೆ ಇದ್ದಾನೆ ಎಂಬುದನ್ನು. ಇದರ ಪರಿಣಾಮವನ್ನು ನಾಲ್ಕು ಜನರನ್ನು ಕಲ್ಪಿಸಿಕೊಂಡು ಅಳೆದು ನೋಡಿ.

ಮೊದಲನೆಯವನು ಕೊಲೆ ಮಾಡಿ ಹದಿನಾಲ್ಕು ವರ್ಷ ಶಿಕ್ಷೆ ಅನುಭವಿಸಿ ಬಿಡುಗಡೆಯಾಗಿ ಬಂದವನು. ಅವನು ಮತ ಹಾಕಬಹುದು. ಎರಡನೆಯವನಿಗೆ ಶಿಕ್ಷೆಯಾಗಿದೆ, ಆದರೆ ಮೇಲ್ಮನವಿ ಸಲ್ಲಿಸಿ ಜಾಮೀನಿನ ಮೇಲೆ ಹೊರಗಿದ್ದಾನೆ. ಅವನೂ ಮತ ಹಾಕಬಹುದು. ಮೂರನೆಯವನು ಯಾವುದೋ ಗಲಾಟೆಯಲ್ಲಿ ಸಿಕ್ಕಿಬಿದ್ದ ಹತ್ತೊಂಬತ್ತರ ಹುಡುಗ. ತಪ್ಪು ಸಾಬೀತಾಗಿಲ್ಲ, ವಿಚಾರಣೆಯೇ ಶುರುವಾಗಿಲ್ಲ. ಜಾಮೀನು ಸಿಕ್ಕಿದರೂ ಭದ್ರತೆ ಕೊಡುವವರಿಲ್ಲದೆ ಒಳಗೇ ಉಳಿದಿದ್ದಾನೆ. ಅವನು ಮತ ಹಾಕುವಂತಿಲ್ಲ. ನಾಲ್ಕನೆಯವನನ್ನು ಸಮಾಜಕ್ಕೆ ಅಪಾಯಕಾರಿಯೆಂದು ಸರ್ಕಾರ ಮುಂಜಾಗ್ರತೆಯಾಗಿ ಬಂಧಿಸಿದೆ. ಅವನು ಮತ ಹಾಕಬಹುದು!

ಈ ಮೂರನೆಯ ಹುಡುಗ ಅಪರೂಪದವನಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆಯ ಪ್ರಕಾರ 2022ರ ಕೊನೆಯಲ್ಲಿ ದೇಶದ ಜೈಲುಗಳಲ್ಲಿದ್ದವರು 5,73,220 ಜನ. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ಅಂದರೆ ನೂರಕ್ಕೆ ಎಪ್ಪತ್ತೈದಕ್ಕೂ ಹೆಚ್ಚು. ಅಪರಾಧಿಗಳನ್ನು ದೂರವಿಡಲು ಹಾಕಿದ ಬಾಗಿಲಿನ ಹೊರಗೆ ನಿಂತವರಲ್ಲಿ ನಾಲ್ವರಲ್ಲಿ ಮೂವರು ಅಪರಾಧಿಗಳೆಂದು ಇನ್ನೂ ಯಾರೂ ತೀರ್ಪು ಕೊಟ್ಟಿಲ್ಲ.

ಗೆದ್ದವರಿಗೇ ಓಟಿಲ್ಲ

ಶೇಷಾದ್ರಿ ರಸ್ತೆಯ ಫ್ರೀಡಂ ಪಾರ್ಕ್ ಹಿಂದೆ ಬೆಂಗಳೂರಿನ ಸೆಂಟ್ರಲ್ ಜೈಲು ಆಗಿತ್ತೆಂಬುದು ಹಿರಿಯರಿಗೆ ನೆನಪಿರಬಹುದು. ತುರ್ತು ಪರಿಸ್ಥಿತಿ ಬಂದಾಗ, 1975ರ ಜೂನ್ 26ರಂದು, ಸಂಸದೀಯ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮುಂತಾದವರನ್ನು ಇಲ್ಲೇ ಬಂಧಿಸಿ ಆ ಜೈಲಿನಲ್ಲಿಟ್ಟರು. ಅದು 'ಮೀಸಾ' ಕಾಯ್ದೆಯ ಕೆಳಗಿನ ಮುಂಜಾಗ್ರತೆಯ ಬಂಧನ. ಹಾಗಾಗಿ ಆಗ ಚುನಾವಣೆ ನಡೆದಿದ್ದರೆ ಅವರಿಗೆ ಮತದ ಹಕ್ಕು ಇರುತ್ತಿತ್ತು. ರಾಜಕೀಯ ವಿರೋಧಿಗಳನ್ನು ವಿಚಾರಣೆಯಿಲ್ಲದೆ ಒಳಗೆ ಹಾಕಿ ಚುನಾವಣೆ ಗೆಲ್ಲುವ ದಾರಿ ಯಾವ ಸರ್ಕಾರಕ್ಕೂ ಸಿಗಬಾರದು ಎಂಬುದೇ ಆ ವಿನಾಯಿತಿಗೆ ಇರುವ ಒಳ್ಳೆಯ ಸಮರ್ಥನೆ.

ಆದರೆ ಅದೇ ಕಾಲದ ಮತ್ತೊಂದು ಉದಾಹರಣೆ ನೋಡಿ. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಅವರನ್ನು 1976ರಲ್ಲಿ ಬಂಧಿಸಿ ಬರೋಡಾ ಡೈನಮೈಟ್ ಮೊಕದ್ದಮೆಯಲ್ಲಿ ಆರೋಪಿಯನ್ನಾಗಿ ಮಾಡಲಾಗಿತ್ತು. 1977ರ ಚುನಾವಣೆಗೆ ಅವರು ಜೈಲಿನಿಂದಲೇ ಬಿಹಾರದ ಮುಜಫ್ಫರ್‌ಪುರದಲ್ಲಿ ಸ್ಪರ್ಧಿಸಿದರು. ಮೂರು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು, ಕೇಂದ್ರದಲ್ಲಿ ಮಂತ್ರಿಯೂ ಆದರು. ವಿಚಾರಣಾಧೀನ ಕೈದಿ ಎಂಬ ಕಾರಣಕ್ಕೆ, ಕಲಮನ್ನು ಅಕ್ಷರಶಃ ಓದಿದರೆ, ಲಕ್ಷಾಂತರ ಜನರ ಮತ ಪಡೆದ ಆ ಮನುಷ್ಯನಿಗೆ ತನ್ನದೊಂದು ಮತ ಹಾಕುವ ಹಕ್ಕಿರಲಿಲ್ಲ.

ಈ ವಿಚಿತ್ರವನ್ನು ಸುಪ್ರೀಂ ಕೋರ್ಟು ಬೇರೊಂದು ದಿಕ್ಕಿನಿಂದ ಸರಿಪಡಿಸಲು ಹೋಯಿತು. 2013ರ ಜುಲೈ 10ರಂದು, ಮತ ಹಾಕಲಾಗದವನು ಸ್ಪರ್ಧಿಸಲೂ ಆಗದು ಎಂದು ತೀರ್ಪಿತ್ತಿತು. ಮತ ಕೊಡುವ ಬದಲು ಉಮೇದುವಾರಿಕೆಯನ್ನೇ ಕಿತ್ತುಕೊಂಡ ಹಾಗಾಯಿತು. ಚುನಾವಣೆ ಹತ್ತಿರ ಬಂದಾಗ ಎದುರಾಳಿಯನ್ನು ಒಂದು ದಿನ ಠಾಣೆಯಲ್ಲಿ ಕೂರಿಸಿದರೆ ಸಾಕು ಎಂಬ ಭಯ ಎಲ್ಲ ಪಕ್ಷಗಳಿಗೂ ಹತ್ತಿತು. ಸಂಸತ್ತು ಅದೇ ವರ್ಷ ಕಾಯ್ದೆಗೆ ತಿದ್ದುಪಡಿ ತಂದು, ಜೈಲಿನಲ್ಲಿರುವವನು ಮತ ಹಾಕುವಂತಿಲ್ಲವಾದರೂ ಪಟ್ಟಿಯಲ್ಲಿ ಹೆಸರಿರುವ ತನಕ ಅವನು ಮತದಾರನೇ ಎಂದು ಬರೆಯಿತು. ಅಭ್ಯರ್ಥಿಗಳ ಸಂಕಟ ಕೆಲವೇ ತಿಂಗಳಲ್ಲಿ ಪರಿಹಾರವಾಯಿತು. ಸಾಮಾನ್ಯ ಕೈದಿಯ ಸಂಕಟ 1951ರಿಂದ ಹಾಗೇ ಇದೆ.

ನ್ಯಾಯಾಲಯ ಹೇಳಿದ್ದೇನು?

ಈ ಕಲಮನ್ನು ಪ್ರಶ್ನಿಸಿದವರು ಇಲ್ಲದಿಲ್ಲ. 1983ರಲ್ಲಿ ಒಮ್ಮೆ, 1997ರಲ್ಲಿ ಅನುಕೂಲ ಚಂದ್ರ ಪ್ರಧಾನ್ ಪ್ರಕರಣದಲ್ಲಿ ಮತ್ತೊಮ್ಮೆ, ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. 1997ರ ತೀರ್ಪು ಕೊಟ್ಟ ಕಾರಣಗಳು ಮುಖ್ಯವಾಗಿ ಮೂರು. ತನ್ನ ನಡತೆಯಿಂದ ಜೈಲು ಸೇರಿದವನು ಹೊರಗಿನವರಷ್ಟೇ ಸ್ವಾತಂತ್ರ್ಯ ಕೇಳುವಂತಿಲ್ಲ. ಎಲ್ಲ ಕೈದಿಗಳಿಗೂ ಮತದಾನದ ಏರ್ಪಾಡು ಮಾಡಲು ಬೇಕಾಗುವ ಪೊಲೀಸರು ಮತ್ತು ಸಂಪನ್ಮೂಲ ಕಡಿಮೆ. ಅಪರಾಧದ ಹಿನ್ನೆಲೆಯವರನ್ನು ಚುನಾವಣೆಯಿಂದ ದೂರವಿಡುವುದು ಒಳ್ಳೆಯ ಉದ್ದೇಶ.

ಪೋಷಕರಿಗೆ ಹೆಮ್ಮೆಯಾಗುವ ಸಂಗತಿಯೆಂದರೆ, ಇದನ್ನು ಮತ್ತೆ ಮತ್ತೆ ಕೆದಕಿದವರಲ್ಲಿ ವಿದ್ಯಾರ್ಥಿಗಳಿದ್ದಾರೆ. ಕಾನೂನು ವಿದ್ಯಾರ್ಥಿಗಳು ದೆಹಲಿ ಹೈಕೋರ್ಟಿಗೆ ಒಯ್ದ ಅರ್ಜಿ 2020ರಲ್ಲಿ ವಜಾ ಆಯಿತು. ಮತದಾನ ಶಾಸನ ಕೊಟ್ಟ ಹಕ್ಕು, ಶಾಸನವೇ ಅದಕ್ಕೆ ಮಿತಿ ಹಾಕಬಹುದು ಎಂದಿತು ಆ ನ್ಯಾಯಾಲಯ. ನಮ್ಮ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ವಿದ್ಯಾರ್ಥಿಯೊಬ್ಬರು 2019ರಲ್ಲಿ ಸಲ್ಲಿಸಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2022ರ ಅಕ್ಟೋಬರ್ 31ರಂದು ಕೇಂದ್ರಕ್ಕೂ ಚುನಾವಣಾ ಆಯೋಗಕ್ಕೂ ನೋಟಿಸು ಕೊಟ್ಟಿತು. 2023ರ ಏಪ್ರಿಲ್‌ನಲ್ಲಿ ಈ ಕಲಮಿನ ವಿರುದ್ಧದ ಸವಾಲನ್ನು, ಹಿಂದಿನ ತೀರ್ಪುಗಳು ಇದಕ್ಕೆ ಉತ್ತರ ಹೇಳಿವೆ ಎಂದು ಅದೇ ನ್ಯಾಯಾಲಯ ತಳ್ಳಿಹಾಕಿತು. ಆದರೂ ಬಾಗಿಲು ಪೂರ್ತಿ ಮುಚ್ಚಿದಂತಿಲ್ಲ. 2025ರ ಅಕ್ಟೋಬರ್‌ನಲ್ಲಿ ವಿಚಾರಣಾಧೀನ ಕೈದಿಗಳ ಮತದ ಬಗ್ಗೆ ಬಂದ ಇನ್ನೊಂದು ಅರ್ಜಿಯಲ್ಲಿ ಅದು ಮತ್ತೆ ನೋಟಿಸು ಕೊಟ್ಟಿದೆ.

ಬಿಡುಗಡೆಯ ಮಾರನೆಯ ದಿನ

ಇನ್ನು ನಮ್ಮ ಶೀರ್ಷಿಕೆಯ ಪ್ರಶ್ನೆ. ಜೈಲಿನಿಂದ ಹೊರಬಂದವನು ಮತದ ಹಕ್ಕಿಗಾಗಿ ರಾಜ್ಯಪಾಲರ ಕ್ಷಮಾದಾನ ಕೇಳಬೇಕಿಲ್ಲ, ಕೋರ್ಟಿನ ಆದೇಶ ತರಬೇಕಿಲ್ಲ. ಗೇಟು ದಾಟಿದ ಕೂಡಲೇ ತಡೆ ತಾನಾಗಿ ಕಳಚಿಕೊಳ್ಳುತ್ತದೆ. ಚುನಾವಣೆಗೆ ನಿಲ್ಲುವ ಮಾತು ಬೇರೆ. ಎರಡು ವರ್ಷ ಅಥವಾ ಹೆಚ್ಚಿನ ಶಿಕ್ಷೆಯಾದವನು ಬಿಡುಗಡೆಯ ನಂತರವೂ ಆರು ವರ್ಷ ಅಭ್ಯರ್ಥಿಯಾಗುವಂತಿಲ್ಲ. ಕೆಲವು ಅಪರಾಧಗಳಲ್ಲಿ ಅದಕ್ಕಿಂತ ಕಡಿಮೆ ಶಿಕ್ಷೆಯೂ ಸಾಕು. ನಿಲ್ಲುವುದು ಬೇರೆ, ಮತ ಹಾಕುವುದು ಬೇರೆ ಎಂಬುದನ್ನು ಪರೀಕ್ಷೆಗೆ ಓದುವವರು ಚೆನ್ನಾಗಿ ನೆನಪಿಡಬೇಕು. 2014ರ ಸೆಪ್ಟೆಂಬರ್ 27ರಂದು ಪರಪ್ಪನ ಅಗ್ರಹಾರದ ವಿಶೇಷ ನ್ಯಾಯಾಲಯ ಜಯಲಲಿತಾ ಅವರಿಗೆ ನಾಲ್ಕು ವರ್ಷ ಶಿಕ್ಷೆ ವಿಧಿಸಿದಾಗ ಅವರ ಶಾಸಕ ಸ್ಥಾನ, ಮುಖ್ಯಮಂತ್ರಿ ಪದವಿ ಎರಡೂ ಹೋದವು. ಮುಂದಿನ ತಿಂಗಳು ಜಾಮೀನಿನ ಮೇಲೆ ಹೊರಬಂದ ಅವರು, 2015ರ ಮೇ 11ರಂದು ಕರ್ನಾಟಕ ಹೈಕೋರ್ಟು ಬಿಡುಗಡೆ ಮಾಡುವ ತನಕ, ಚುನಾವಣೆಗೆ ನಿಲ್ಲುವಂತಿರಲಿಲ್ಲ. ಆದರೆ ಮತ ಹಾಕಲು ಕಾನೂನಿನ ಅಡ್ಡಿ ಇರಲಿಲ್ಲ.

ಆದರೆ ಹಕ್ಕು ಮರಳುವುದು ಬೇರೆ, ಪಟ್ಟಿಯಲ್ಲಿ ಹೆಸರು ಇರುವುದು ಬೇರೆ. 1950ರ ಕಾಯ್ದೆಯ ಪ್ರಕಾರ ಜೈಲು ಯಾರಿಗೂ 'ಸಾಮಾನ್ಯ ವಾಸಸ್ಥಳ' ಆಗುವುದಿಲ್ಲ. ಮನೆಯಿಂದ ತಾತ್ಕಾಲಿಕವಾಗಿ ದೂರವಿದ್ದ ಮಾತ್ರಕ್ಕೆ ಮನೆಯ ವಿಳಾಸದ ಹಕ್ಕೂ ಹೋಗುವುದಿಲ್ಲ. ಕಾಗದದ ಮೇಲೆ ಇದು ಸರಿ. ಆದರೆ ನಾಲ್ಕೈದು ವರ್ಷ ಮನುಷ್ಯ ಕಾಣದಿದ್ದರೆ, ಮನೆಯವರು ಬಾಡಿಗೆ ಮನೆ ಬದಲಿಸಿದರೆ, ಪರಿಷ್ಕರಣೆಗೆ ಬಂದವರು ಹೆಸರು ಹೊಡೆದುಹಾಕುವುದು ಸಹಜ. ಇದಕ್ಕೆ ದೊಡ್ಡವರೂ ಹೊರತಲ್ಲ. ಪರಪ್ಪನ ಅಗ್ರಹಾರದಲ್ಲಿ ನಾಲ್ಕು ವರ್ಷ ಶಿಕ್ಷೆ ಅನುಭವಿಸಿ 2021ರ ಜನವರಿ 27ರಂದು ಬಿಡುಗಡೆಯಾದ ವಿ.ಕೆ. ಶಶಿಕಲಾ ಅವರ ಹೆಸರು, ಅದೇ ಏಪ್ರಿಲ್‌ನ ತಮಿಳುನಾಡು ಚುನಾವಣೆಯ ಹೊತ್ತಿಗೆ ಚೆನ್ನೈನ ಪಟ್ಟಿಯಲ್ಲಿ ಇಲ್ಲವೆಂದು ಪತ್ರಿಕೆಗಳು ಬರೆದವು. ಅವರು ಹಿಂದೆ ಇದ್ದ ಮನೆಯ ವಿಳಾಸವೇ ಪಟ್ಟಿಯಿಂದ ಹೋಗಿತ್ತು. ಅಷ್ಟು ಪ್ರಭಾವಿಗಳ ಗತಿಯೇ ಹೀಗಾದರೆ, ಕೂಲಿ ಮಾಡುವವನೊಬ್ಬ ಜೈಲಿನಿಂದ ಬಂದು ಪಟ್ಟಿಯಲ್ಲಿ ತನ್ನ ಹೆಸರು ಹುಡುಕುವ ಪಾಡು ಏನಿದ್ದೀತು? ಅಂಥವರು ನಿಮ್ಮ ಬೀದಿಯಲ್ಲಿದ್ದರೆ ನಮೂನೆ 6ನ್ನು ಮತ್ತೆ ತುಂಬಲು ನೆರವಾಗಿ. ಕಾನೂನಿನ ಅಡ್ಡಿ ಏನೂ ಇಲ್ಲ.

ನಿಜವಾಗಿ ಓಟು ಕಳೆದುಕೊಳ್ಳುವವರು

ಹಾಗಾದರೆ ಹೊರಗಿದ್ದೂ ಮತ ಕಳೆದುಕೊಳ್ಳುವವರು ಯಾರೂ ಇಲ್ಲವೇ? ಇದ್ದಾರೆ. 1951ರ ಕಾಯ್ದೆಯ 11ಎ ಕಲಮು ಅವರ ಬಗ್ಗೆ ಹೇಳುತ್ತದೆ. ಚುನಾವಣೆಯಲ್ಲಿ ಲಂಚ, ಬೆದರಿಕೆ, ಬೇರೆಯವರ ಹೆಸರಿನಲ್ಲಿ ಕಳ್ಳ ಓಟು, ಚುನಾವಣೆಯ ನೆಪದಲ್ಲಿ ಜಾತಿ ಧರ್ಮಗಳ ನಡುವೆ ದ್ವೇಷ ಹಚ್ಚುವುದು, ಮತಗಟ್ಟೆಯಿಂದ ಮತಪತ್ರ ಹೊರಗೆ ಒಯ್ಯುವುದು ಇಂಥ ಅಪರಾಧ ಸಾಬೀತಾದರೆ ಆರು ವರ್ಷ ಮತದ ಹಕ್ಕಿಲ್ಲ. ಜೈಲಿಗೆ ಹೋಗದೆ ಬರೀ ದಂಡ ಕಟ್ಟಿ ಬಂದರೂ ಇಲ್ಲ. ಆಯೋಗ ಬೇಕೆಂದರೆ, ಕಾರಣ ಬರೆದಿಟ್ಟು, ಈ ಅನರ್ಹತೆಯನ್ನು ತೆಗೆದುಹಾಕಬಹುದು.

ಲಂಚವೆಂದರೆ ಕೊಟ್ಟವನದಷ್ಟೇ ಅಲ್ಲ, ತೆಗೆದುಕೊಂಡವನದೂ ಅಪರಾಧವೇ. ಚುನಾವಣೆಯ ಹಿಂದಿನ ರಾತ್ರಿ ಬಾಗಿಲಿಗೆ ಬರುವ ಸೀರೆ, ಕುಕ್ಕರು, ನೋಟಿನ ಕವರುಗಳನ್ನು 'ಎಲ್ಲರೂ ತಗೊಳ್ತಾರೆ' ಎಂದು ಒಳಗೆ ಕರೆದುಕೊಳ್ಳುವ ಮನೆಗಳಲ್ಲಿ ಮಕ್ಕಳು ನೋಡುತ್ತಿರುತ್ತಾರೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಕಾನೂನಾದರೋ ಆರು ವರ್ಷದ ಮೇಲೆ ಹಿಂದಿರುಗಿಸುತ್ತದೆ, ಅಷ್ಟೇ.

ಭ್ರಷ್ಟ ಆಚರಣೆಗೂ ಇಂಥ ದಂಡನೆ ಉಂಟು. 1987ರಲ್ಲಿ ಮುಂಬಯಿಯ ವಿಲೆಪಾರ್ಲೆ ಉಪಚುನಾವಣೆಯಲ್ಲಿ ಧರ್ಮದ ಹೆಸರಿನಲ್ಲಿ ಮತ ಕೇಳಿದ ಭಾಷಣಗಳಿಗಾಗಿ ಬಾಳ ಠಾಕ್ರೆ ಅವರ ಮತದ ಹಕ್ಕನ್ನು, 1995ರ ಡಿಸೆಂಬರ್‌ನಿಂದ ಲೆಕ್ಕ ಹಿಡಿದು, ಆರು ವರ್ಷ ತಡೆಹಿಡಿಯಲಾಯಿತು. ಆ ಆದೇಶ ಬಂದದ್ದು 1999ರಲ್ಲಿ. ಅವರು ಜೈಲಿನಲ್ಲಿರಲಿಲ್ಲ. ಚುನಾವಣೆಯ ನಿಯಮವನ್ನು ಕೆಡಿಸಿದವನಿಗೆ ಆಟದಿಂದ ಸ್ವಲ್ಪ ಕಾಲ ಬಿಡುವು. ಇಲ್ಲಿ ತಪ್ಪಿಗೂ ದಂಡನೆಗೂ ಸಂಬಂಧವಿದೆ, ಅಳತೆಯೂ ಇದೆ.

ಕಡಲಾಚೆ

ನಮ್ಮ ಬಡಾವಣೆಗಳ ಎಷ್ಟೋ ಮನೆಗಳ ಮಕ್ಕಳು ಈಗ ಅಮೆರಿಕದ ಪೌರರು. ಅಲ್ಲಿ ಕತೆ ಉಲ್ಟಾ. ಯಾರು ಮತದಾರ ಎಂದು ತೀರ್ಮಾನಿಸುವ ಅಧಿಕಾರ ಮೂಲತಃ ರಾಜ್ಯಗಳದು. ಒಕ್ಕೂಟದ ಕಾಂಗ್ರೆಸ್ಸಿಗೆ ಸಂವಿಧಾನ ಕೊಟ್ಟಿರುವುದು ಚುನಾವಣೆಯ ಸಮಯ, ಸ್ಥಳ, ವಿಧಾನಗಳ ಮೇಲಿನ ಹಿಡಿತ. ಹೇಗೆ ಚುನಾವಣೆ ನಡೆಯಬೇಕೆಂದು ಅದು ಹೇಳಬಹುದು, ಯಾರು ಮತ ಹಾಕಬೇಕೆಂದಲ್ಲ ಎಂದು ಅಲ್ಲಿಯ ಸುಪ್ರೀಂ ಕೋರ್ಟು 2013ರಲ್ಲಿ ಅರಿಜೋನಾ ಪ್ರಕರಣದಲ್ಲಿ ನೆನಪಿಸಿತು. 14ನೇ ತಿದ್ದುಪಡಿಯಲ್ಲಿ ಅಪರಾಧದ ಉಲ್ಲೇಖ ಇರುವುದರಿಂದ, ಶಿಕ್ಷೆ ಮುಗಿಸಿದವರ ಮತವನ್ನೂ ರಾಜ್ಯ ಕಿತ್ತುಕೊಳ್ಳಬಹುದು ಎಂದು 1974ರಲ್ಲೇ ತೀರ್ಪಾಗಿತ್ತು. ಹೀಗಾಗಿ ಮೇನ್ ಮತ್ತು ವರ್ಮಾಂಟ್ ರಾಜ್ಯಗಳಲ್ಲಿ ಕೈದಿ ಜೈಲಿನಿಂದಲೇ ಮತ ಹಾಕುತ್ತಾನೆ. ಫ್ಲಾರಿಡಾದಲ್ಲಿ ಶಿಕ್ಷೆ ಮುಗಿಸಿದವರಿಗೆ ಮತ ಮರಳಿಸಲು 2018ರಲ್ಲಿ ನೂರಕ್ಕೆ ಅರವತ್ತನಾಲ್ಕಕ್ಕೂ ಹೆಚ್ಚು ಮತದಾರರು ಒಪ್ಪಿದರು. ಮರುವರ್ಷವೇ ಅಲ್ಲಿಯ ಶಾಸನಸಭೆ, ಬಾಕಿ ದಂಡ ಶುಲ್ಕ ಎಲ್ಲ ಕಟ್ಟಿದ ಮೇಲೆ ಎಂದು ಷರತ್ತು ಹಾಕಿತು. ಹಣವಿದ್ದವನಿಗೆ ಓಟು, ಇಲ್ಲದವನಿಗೆ ಇಲ್ಲ.

ಕೆನಡಾದ ಸುಪ್ರೀಂ ಕೋರ್ಟು 2002ರಲ್ಲಿ, ದಕ್ಷಿಣ ಆಫ್ರಿಕಾದ ಸಂವಿಧಾನ ನ್ಯಾಯಾಲಯ 1999 ಮತ್ತು 2004ರಲ್ಲಿ ಕೈದಿಗಳ ಪರವಾಗಿ ತೀರ್ಪಿತ್ತವು. ಜೈಲಿನಲ್ಲಿ ಮತಗಟ್ಟೆ ನಡೆಸುವುದು ಅಸಾಧ್ಯವೇನಲ್ಲ ಎಂಬುದಕ್ಕೆ ಇಷ್ಟು ಸಾಕು.

ಮಾಡಬೇಕಾದದ್ದು

ಒಟ್ಟಿನಲ್ಲಿ ನೋಡಿದರೆ ನಮ್ಮ ಸಂವಿಧಾನ ಮಾಜಿ ಕೈದಿಗೆ ನ್ಯಾಯವನ್ನೇ ಮಾಡಿದೆ. ಶಿಕ್ಷೆ ಮುಗಿಯಿತೆಂದರೆ ಮುಗಿಯಿತು. ಕಳಂಕವನ್ನು ಮತಗಟ್ಟೆಯ ತನಕ ಹೊತ್ತು ತರಬೇಕಿಲ್ಲ. ಇದು ದೊಡ್ಡ ಮಾತು. ನಾವು ಮನೆ ಬಾಡಿಗೆಗೆ ಕೊಡುವಾಗ, ಕೆಲಸಕ್ಕೆ ಇಟ್ಟುಕೊಳ್ಳುವಾಗ ಅಷ್ಟು ಉದಾರರಾಗಿಲ್ಲ.

ಕೊರತೆ ಇರುವುದು ವಿಚಾರಣಾಧೀನನ ವಿಷಯದಲ್ಲಿ. ಅದನ್ನು ಸರಿಪಡಿಸಲು ಸಂವಿಧಾನದ ತಿದ್ದುಪಡಿ ಬೇಡ. 326ನೇ ವಿಧಿ 'ಅಪರಾಧ'ದ ಕಾರಣಕ್ಕೆ ಹೊರಗಿಡಬಹುದು ಎಂದಿದೆಯೇ ಹೊರತು ಹೊರಗಿಡಲೇಬೇಕು ಎಂದಿಲ್ಲ, 'ಆರೋಪ' ಎಂದಂತೂ ಹೇಳಿಲ್ಲ. 62ನೇ ಕಲಮಿನ ವಿನಾಯಿತಿಗೆ, ಶಿಕ್ಷೆಯಾಗದವರಿಗೂ ಇದು ಅನ್ವಯಿಸುತ್ತದೆ ಎಂಬ ನಾಲ್ಕು ಮಾತು ಸೇರಿಸಿದರೆ ಸಾಕು. ಮುಂಜಾಗ್ರತೆಯ ಬಂಧಿತನಿಗೆ ಕಳುಹಿಸುವ ಅಂಚೆ ಮತಪತ್ರವನ್ನೇ ಪಕ್ಕದ ಕೊಠಡಿಯವನಿಗೂ ಕಳುಹಿಸಬಹುದು. 2013ರಲ್ಲಿ ಅಭ್ಯರ್ಥಿಗಳಿಗಾಗಿ ಅಷ್ಟು ಬೇಗ ಓಡಿದ ಸಂಸತ್ತಿನ ಲೇಖನಿ ಇದಕ್ಕೂ ಓಡಬಹುದು.

ಅಲ್ಲಿಯ ತನಕ ಮನೆಯಲ್ಲಿ ಮಾಡಬಹುದಾದ ಕೆಲಸ ಒಂದಿದೆ. ಹದಿನೆಂಟು ತುಂಬಿದ ಮಕ್ಕಳು ನಮೂನೆ 6 ತುಂಬುವಾಗ ತಂದೆ ತಾಯಂದಿರು ಪಕ್ಕದಲ್ಲಿ ಕೂತು ಈ ಮೇಲಿನ ನಾಲ್ವರ ಕತೆ ಹೇಳಿ, ಯಾರಿಗೆ ಓಟು ಇರಬೇಕು, ಯಾರಿಗೆ ಬೇಡ, ಏಕೆ ಎಂದು ಕೇಳಿ. ಮಕ್ಕಳ ಉತ್ತರ ಕಾನೂನಿನ ಉತ್ತರಕ್ಕಿಂತ ಹೆಚ್ಚು ನ್ಯಾಯವಾಗಿದ್ದರೆ ಆಶ್ಚರ್ಯಪಡಬೇಡಿ. ಮುಂದೆ ಆ ಕಲಮನ್ನು ತಿದ್ದುವವರನ್ನು ಆರಿಸುವವರು ಅವರೇ.